ಬೇಕನ್ ರುಚಿಕೂಟಕ್ಕೆ ಆರ್ಡರು ಬಂದರೆ

ನಾಸಿಕ್‌ನ ಗಂಗಾಪುರ ಅಣೆಕಟ್ಟಿನ ಸಮೀಪ ಸುಲಾ ಕಂಪನಿಯವರು 2005ರಲ್ಲಿ ವೈನ್ ರುಚಿ ನೋಡುವ ಕೊಠಡಿ ತೆರೆದರು. ಒಂದೇ ಪದಾರ್ಥದ ನಾಲ್ಕಾರು ಬಗೆಯನ್ನು ಸ್ವಲ್ಪ ಸ್ವಲ್ಪವೇ ಸವಿದು ಹೋಲಿಸಿ ನೋಡುವ ಪದ್ಧತಿ ಇದು. ಇದೇ ಪದ್ಧತಿಯಲ್ಲಿ ಗಿರಾಕಿಯೊಬ್ಬರು, "ಹತ್ತು ಜನ ಸ್ನೇಹಿತರಿಗೆ ಮನೆಯಲ್ಲಿ ಬೇಕನ್ ರುಚಿಕೂಟ ಇಟ್ಟುಕೊಂಡಿದ್ದೇನೆ, ಮಾಡಿಕೊಡುತ್ತೀರಾ?" ಎಂದು ಕೇಳಿದರೆ ನಮ್ಮ ಉತ್ತರವೇನು? ಕೆಲಸ ಚಿಕ್ಕದು. ಆದರೆ ಇದರಲ್ಲಿ ಹೋಟೆಲಿನ ಹೆಸರಿನ ಪ್ರಶ್ನೆಯಿದೆ.

ಬೇಕನ್ ಎಂದರೇನು?

ಹಂದಿಯ ಹೊಟ್ಟೆ ಭಾಗದ ಅಥವಾ ಬೆನ್ನಿನ ಮಾಂಸವನ್ನು ಉಪ್ಪಿನಲ್ಲಿ ಹದಗೊಳಿಸಿ, ಕೆಲವೊಮ್ಮೆ ಹೊಗೆ ಹಾಕಿ, ತೆಳುವಾಗಿ ಸೀಳಿದರೆ ಬೇಕನ್. ಮಳೆಗಾಲಕ್ಕೆಂದು ಹಲಸಿನ ತೊಳೆಯನ್ನು ಉಪ್ಪಿನಲ್ಲಿ ಹಾಕಿಡುವ ನಮ್ಮ ಊರಿನವರಿಗೆ ಇದರ ಮರ್ಮ ಹೇಳಬೇಕಾಗಿಲ್ಲ. ಉಪ್ಪು ನೀರನ್ನು ಎಳೆಯುತ್ತದೆ, ಪದಾರ್ಥ ಕೆಡದಂತೆ ತಡೆಯುತ್ತದೆ. ಕೊಡಗಿನ ಪಂದಿ ಕರಿಯನ್ನಾಗಲಿ ಮಂಗಳೂರು ಕ್ರೈಸ್ತ ಬಾಂಧವರ ದುಕ್ರಾಮಾಸನ್ನಾಗಲಿ ಬಲ್ಲ ಅಡುಗೆಯವರಿಗೆ ಮಾಂಸವೂ ಹೊಸದಲ್ಲ. ಆದರೆ ಬೇಕನ್ ತಯಾರಿಕೆಯಲ್ಲಿ ನೈಟ್ರೈಟ್ ಎಂಬ ಲವಣವನ್ನು ಬಳಸುವುದುಂಟು. ಅದರ ಅಳತೆ ತಪ್ಪಿದರೆ ವಿಷ. ಆದ್ದರಿಂದ ಸ್ವತಃ ತಯಾರಿಸುವ ಸಾಹಸ ಬೇಡ. ಪರವಾನಗಿ ಹೊಂದಿದ ತಯಾರಕರ ಪ್ಯಾಕೆಟನ್ನೇ ತರಿಸಿ, ತಾರೀಖು ನೋಡಿ ತೆಗೆದುಕೊಳ್ಳತಕ್ಕದ್ದು.

ಅಡುಗೆಮನೆ ಯಾವುದು?

ಮುಖ್ಯ ಪ್ರಶ್ನೆ ಇದೇ. ಶುದ್ಧ ಸಸ್ಯಾಹಾರಿ ಎಂದು ಬೋರ್ಡು ಹಾಕಿದ ಹೋಟೆಲಿನ ಅಡುಗೆಮನೆಗೆ ಬೇಕನ್ ಪ್ಯಾಕೆಟ್ ಕೂಡ ಬರಬಾರದು, ಫ್ರಿಜ್ಜಿನ ಮೂಲೆಯಲ್ಲೂ ಇಡಬಾರದು. ಹತ್ತು ಜನರ ಒಂದು ಆರ್ಡರಿಗಾಗಿ ತಲೆಮಾರಿನ ಗಿರಾಕಿಗಳ ವಿಶ್ವಾಸವನ್ನು ಪಣಕ್ಕಿಡುವುದು ವ್ಯಾಪಾರವಲ್ಲ. ಮಾಂಸಾಹಾರಿ ಹೋಟೆಲಿನವರೂ ಯೋಚಿಸಬೇಕು: ಕೋಳಿ, ಕುರಿ ತಿಂದರೂ ಹಂದಿ ಮುಟ್ಟದವರು ನಮ್ಮ ಗಿರಾಕಿಗಳಲ್ಲೂ ಕೆಲಸಗಾರರಲ್ಲೂ ಬಹಳ ಮಂದಿ. ಒಪ್ಪುವುದಾದರೆ ಗಿರಾಕಿಯ ಮನೆಯಲ್ಲೇ ಅಡುಗೆ ಮಾಡಿ. ತವಾ, ಚಿಮ್ಮಟ, ಚಾಕು, ಹಲಗೆ ಬೇರೆಯೇ ಇರಲಿ. ಮನಸ್ಸಿಲ್ಲದ ಹುಡುಗರನ್ನು ಈ ಕೆಲಸಕ್ಕೆ ಕಳಿಸಬೇಡಿ.

ಲೆಕ್ಕ ಮತ್ತು ವಿಧಾನ

ಹತ್ತು ಜನರಿಗೆ ನಾಲ್ಕು ಬಗೆ, ತಲಾ 250 ಗ್ರಾಂ, ಒಟ್ಟು 1 ಕಿಲೋ ಸಾಕು. ಕರಗಿದ ಕೊಬ್ಬು, ಆರಿದ ನೀರು ಕಳೆದು ಉಳಿಯುವುದು ಮೂರನೇ ಒಂದು ಭಾಗದ ಸುಮಾರು. ಒಬ್ಬರಿಗೆ ಪ್ರತಿ ಬಗೆಯಲ್ಲೂ ಒಂದೊಂದು ಸೀಳು ಬರುತ್ತದೆ.

ಸಾಗಿಸುವಾಗ ಐಸ್ ಪೆಟ್ಟಿಗೆ ಕಡ್ಡಾಯ. 5 ಡಿಗ್ರಿ ಸೆಲ್ಸಿಯಸ್ ಮೀರಬಾರದು. ಉಪ್ಪು ಹಾಕಿದ್ದರೂ ಬೇಕನ್ ಸಾಮಾನ್ಯವಾಗಿ ಹಸಿ ಮಾಂಸವೇ, ಚೆನ್ನಾಗಿ ಬೇಯಲೇಬೇಕು. ತಣ್ಣನೆಯ ತವಾದ ಮೇಲೆ ಎಣ್ಣೆ ಹಾಕದೆ ಸೀಳುಗಳನ್ನು ಒಂದರ ಮೇಲೊಂದು ಬೀಳದಂತೆ ಹರಡಿ, ಸಣ್ಣ ಉರಿಯಲ್ಲಿ ಕೊಬ್ಬು ಕರಗಿಸಿ, ಗರಿಗರಿಯಾದ ಮೇಲೆ ಕಾಗದದ ಮೇಲೆ ತೆಗೆಯಿರಿ. ಕೊಬ್ಬನ್ನು ಸಿಂಕಿಗೆ ಸುರಿಯಬೇಡಿ, ಪೈಪು ಕಟ್ಟುತ್ತದೆ.

ಬಡಿಸುವ ಕ್ರಮ: ಮೊದಲು ಹೊಗೆ ಹಾಕದ್ದು, ನಂತರ ಹೊಗೆಯದು, ಆಮೇಲೆ ಕಾಳುಮೆಣಸಿನದು, ಕೊನೆಗೆ ಜೇನು ಅಥವಾ ಬೆಲ್ಲ ಸವರಿದ್ದು. ಖಾರ, ಸಿಹಿ ಮೊದಲು ಬಂದರೆ ಉಳಿದ ರುಚಿ ತಿಳಿಯದು. ನಡುವೆ ಪಾವ್, ನೀರು, ನಾಸಿಕ್‌ನ ದ್ರಾಕ್ಷಿ ಇರಲಿ. ದ್ರಾಕ್ಷಿಯ ಹುಳಿ-ಸಿಹಿ ನಾಲಿಗೆಯ ಜಿಡ್ಡನ್ನು ತೆಗೆಯುತ್ತದೆ. ವೈನ್ ಇಡುವುದಾದರೆ ಅಬಕಾರಿ ಇಲಾಖೆಯ ನಿಯಮಗಳನ್ನು ಗಿರಾಕಿಗೆ ಮೊದಲೇ ತಿಳಿಸಿ.

ಬಾಯಿಬಿಟ್ಟು ಹೇಳಿ

'ಬೇಕನ್' ಎಂಬ ಶಬ್ದ ಎಲ್ಲರಿಗೂ ಗೊತ್ತಿರುತ್ತದೆ ಎಂದುಕೊಳ್ಳಬೇಡಿ. ಚೀಟಿಯಲ್ಲಿ 'ಹಂದಿ ಮಾಂಸ' ಎಂದೇ ಸ್ಪಷ್ಟವಾಗಿ ಬರೆಯಿರಿ. ಅದೇ ಕೊಬ್ಬಿನಲ್ಲಿ ಪಾವ್ ಕಾಯಿಸಿದ್ದರೆ ಅದನ್ನೂ ಹೇಳಿ. ಅತಿಥಿಗಳ ಪೈಕಿ ತಿನ್ನದವರು ಯಾರು ಎಂದು ಆತಿಥೇಯರಿಂದ ಮೊದಲೇ ತಿಳಿದು, ಅವರಿಗೆ ಬೇರೆ ಪಾತ್ರೆಯಲ್ಲಿ, ಬೇರೆ ಒಲೆಯಲ್ಲಿ ತಿಂಡಿ ಮಾಡಿ. ಆರೋಗ್ಯದ ಮಾತೂ ಇದೆ: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2015ರಲ್ಲಿ ಇಂತಹ ಸಂಸ್ಕರಿತ ಮಾಂಸವನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ದಿನವೂ 50 ಗ್ರಾಂ ತಿನ್ನುವವರಿಗೆ ದೊಡ್ಡಕರುಳಿನ ಕ್ಯಾನ್ಸರಿನ ಸಂಭವ ಸುಮಾರು ಶೇ. 18ರಷ್ಟು ಹೆಚ್ಚುತ್ತದೆ ಎಂದು ಅದರ ವರದಿ. ರುಚಿಕೂಟ ಅಪರೂಪಕ್ಕೆ ಇರಲಿ, ದಿನದ ಮೆನುವಾಗದಿರಲಿ.

ಊರು ನೋಡಿ ಪದಾರ್ಥ

2023ರವರೆಗೆ ಔರಂಗಾಬಾದ್ ಎಂದಿದ್ದ ಛತ್ರಪತಿ ಸಂಭಾಜಿನಗರದಲ್ಲಿ ಮುಸ್ಲಿಂ ಬಾಂಧವರ ಸಂಖ್ಯೆ ದೊಡ್ಡದು. ಅಲ್ಲಿನ ನಮ್ಮವರು ರುಚಿಕೂಟ ಮಾಡಬಯಸಿದರೆ ಬೇಕನ್ನೇ ಆಗಬೇಕೆಂದಿಲ್ಲ. ಆ ಊರಿನದೇ ಆದ ನಾನ್ ಖಲಿಯಾ ಇದೆ. 1327ರಲ್ಲಿ ಮುಹಮ್ಮದ್ ಬಿನ್ ತುಘಲಕ್ ರಾಜಧಾನಿಯನ್ನು ದೌಲತಾಬಾದಿಗೆ ತಂದಾಗ ಸೈನ್ಯದ ಜೊತೆ ಬಂದ ಊಟವೆಂದು ಅದಕ್ಕೆ ಪ್ರತೀತಿ. ಸಸ್ಯಾಹಾರಿಗಳಾದರೆ ನಾಸಿಕ್‌ನ ಮಿಸಳ್ ಬಗೆಗಳನ್ನೇ ಚಿಕ್ಕ ಬಟ್ಟಲುಗಳಲ್ಲಿ ಇಟ್ಟರಾಯಿತು. ಕ್ರಮ ಅದೇ: ಸ್ವಲ್ಪ ಪ್ರಮಾಣ, ಸರಿಯಾದ ಸರದಿ, ಸ್ಪಷ್ಟ ಮಾಹಿತಿ.

ಇಂತಹ ಆರ್ಡರಿಗೆ ಕಿಲೋ ಲೆಕ್ಕದಲ್ಲಿ ದರ ಹೇಳಬೇಡಿ. ಕೆಲಸ, ಪ್ರತ್ಯೇಕ ಪಾತ್ರೆ, ಸಾಗಾಣಿಕೆ ಎಲ್ಲವನ್ನೂ ಸೇರಿಸಿ ತಲೆಗಿಷ್ಟೆಂದು ಹೇಳಿ, ಮುಂಗಡ ಪಡೆಯಿರಿ. ಪ್ರತ್ಯೇಕ ವ್ಯವಸ್ಥೆ ಸಾಧ್ಯವಿಲ್ಲವಾದರೆ ಆಗುವುದಿಲ್ಲವೆಂದು ಗೌರವದಿಂದ ತಿಳಿಸಿ. ಗಿರಾಕಿ ಅದನ್ನು ತಪ್ಪು ತಿಳಿಯಲಾರರು.