ಅಟ್ಟದ ಕೊಬ್ಬರಿ, ಗೋಡೆಯ ಚಿತ್ರ

ತಿಪಟೂರು ಸೀಮೆಯವರಾದ ನಮಗೆ ಕಾಯುವುದನ್ನು ಯಾರೂ ಕಲಿಸಬೇಕಾಗಿಲ್ಲ. ತೆಂಗಿನಕಾಯಿಯನ್ನು ಅಟ್ಟಕ್ಕೇರಿಸಿ 10–12 ತಿಂಗಳು ಬಿಟ್ಟರಷ್ಟೇ ಒಳಗಿನ ನೀರು ಬತ್ತಿ ಉಂಡೆ ಕೊಬ್ಬರಿಯಾಗುತ್ತದೆ. ಅರಿಸ್ಟಾಟಲನು ಶಕ್ಯತೆ ಎಂದದ್ದು ಇದನ್ನೇ. ಆದರೆ ಆತ ಅಟ್ಟ ಹತ್ತಿದವನಲ್ಲ.

ಕಲೆಗೂ ಇಂತಹ ಅಟ್ಟ ಬೇಕು. ಬೆಂಗಳೂರಿನ ಶಾಂತಿನಗರದಲ್ಲಿ ಕಲಾ ಇತಿಹಾಸಕಾರ ಸುರೇಶ್ ಜಯರಾಮ್ ಅವರು 2003ರಲ್ಲಿ ಆರಂಭಿಸಿದ ‘ಒನ್ ಶಾಂತಿ ರೋಡ್’ ಅಂಥದು. ಅದು ಅವರ ಮನೆಯೂ ಹೌದು, ಗ್ಯಾಲರಿಯೂ ಹೌದು. ಬಾದಾಮಿ ಮರವೊಂದನ್ನು ಕಡಿಯದೆ ಅದರ ಸುತ್ತಲೇ ಕಟ್ಟಡವನ್ನು ರೂಪಿಸಲಾಯಿತು. ದೂರದ ಕಲಾವಿದರು ಬಂದು ತಂಗಿ ಕೆಲಸ ಮಾಡುತ್ತಾರೆ. ಪ್ರದರ್ಶನ, ಕಾರ್ಯಾಗಾರ, ಉಪನ್ಯಾಸಗಳ ಜೊತೆಗೆ ಯಾವ ಹೆಸರಿಗೂ ಒಗ್ಗದ ಪ್ರಯೋಗಗಳು ಅಲ್ಲಿ ನಡೆದಿವೆ. ಲಾಭವನ್ನು ನೆಚ್ಚಿ ನಿಂತ ಅಂಗಡಿಯಲ್ಲವಾದ್ದರಿಂದ ಅಲ್ಲಿ ಪ್ರಯೋಗ ಸೋತರೂ ಅಪಚಾರವಲ್ಲ.

ಅಂಥ ಗೋಡೆಗಳು ತಾವಾಗಿ ಉಳಿಯುವುದಿಲ್ಲ. ಸರ್ಕಾರದ ವೆಂಕಟಪ್ಪ ಕಲಾ ಗ್ಯಾಲರಿಯನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ಒಪ್ಪಿಸುವ ಯೋಜನೆಯನ್ನು ವಿರೋಧಿಸಿ 2016ರಲ್ಲಿ ಕಲಾವಿದರು ಬೀದಿಗಿಳಿದರು. ಅಲ್ಪ ಬಾಡಿಗೆಗೆ ಎಳೆಯರಿಗೂ ದೊರೆಯುವ ಗೋಡೆ ಕೈತಪ್ಪೀತೆಂಬುದು ಅವರ ಅಳಲಾಗಿತ್ತು.

ನಮ್ಮ ಅರಳಗುಪ್ಪೆಯ ಚೆನ್ನಕೇಶವ ಗುಡಿಯ ಶಿಲ್ಪದಲ್ಲಿ ಹೊನ್ನೋಜನೆಂಬ ಶಿಲ್ಪಿಯ ಹೆಸರಿದೆ. ಕೆತ್ತಿದವನಿಗೆ ತನ್ನ ಹೆಸರನ್ನಿಡಲು ಅಂದು ತಾವಿತ್ತು. ಇಂದು ತುರುವೇಕೆರೆಯಲ್ಲೋ ಚಿಕ್ಕನಾಯಕನಹಳ್ಳಿಯಲ್ಲೋ ಚಿತ್ರ ಬರೆಯುವ ಬಾಲೆ ತನ್ನ ಮೊದಲ ಚಿತ್ರವನ್ನು ತೂಗುಹಾಕಲು ಬೆಂಗಳೂರಿನ ರೈಲು ಹತ್ತಲೇಬೇಕೆ? ಮದುವೆಗಳಿಲ್ಲದ ತಿಂಗಳುಗಳಲ್ಲಿ ನಮ್ಮೂರುಗಳ ಸಭಾಭವನಗಳು ಬೀಗ ಜಡಿದುಕೊಂಡು ನಿಂತಿರುತ್ತವೆ. ಅಂತಹ ಒಂದು ಬೀಗದ ಕೈ ನಮ್ಮ ಮೇಜಿನಲ್ಲೂ ಇದೆ.