ಪಿಕಪ್ ವಾಹನದ ಬ್ರೇಕ್ ಆಯಿಲ್ ಬದಲಾವಣೆ: ರೈತರು ಮನೆಯಲ್ಲಿಯೇ ಕೈಗೊಳ್ಳಬಹುದಾದ ಕ್ರಮ

ಮೈಸೂರಿನ ವಿಜಯನಗರ ಬಡಾವಣೆಯಲ್ಲಿ ವಾಸವಿದ್ದು ಇಲವಾಲ, ಬಿಳಿಕೆರೆ, ಹುಣಸೂರು ಕಡೆಯ ಜಮೀನುಗಳಲ್ಲಿ ಬೇಸಾಯ ಮಾಡುವ ರೈತರಿಗೆ ಪಿಕಪ್ ವಾಹನವು ಹಿಂದಿನ ಎತ್ತಿನ ಗಾಡಿಯ ಸ್ಥಾನವನ್ನು ತುಂಬಿದೆ. ಹೆಚ್ಚಿನ ದಿನಗಳಲ್ಲಿ ಅದು ಬಂಡಿಪಾಳ್ಯದ ಎಪಿಎಂಸಿ ಮಾರುಕಟ್ಟೆಯವರೆಗೆ ಬಹುಮಟ್ಟಿಗೆ ಸಮತಟ್ಟಾದ ರಸ್ತೆಯಲ್ಲಿ ಓಡಾಡುತ್ತದೆ. ಆದರೆ ದೂರದ ಮಾರುಕಟ್ಟೆಯಲ್ಲಿ ಉತ್ತಮ ಬೆಲೆ ಇರುವಾಗ ಅದೇ ವಾಹನವು ಹಿನಕಲ್ ಬಳಿ ಹುಣಸೂರು ರಸ್ತೆಗೆ ಸೇರಿ, ಮಡಿಕೇರಿ ದಾಟಿ ಸಂಪಾಜೆ ಘಾಟಿಯನ್ನು ಇಳಿಯುತ್ತದೆ. ಇಲ್ಲವೇ ಗುಂಡ್ಲುಪೇಟೆಯ ಮೂಲಕ ವಯನಾಡಿಗೆ ಹೋಗಿ ತಾಮರಶ್ಶೇರಿ ಘಾಟಿಯ 9 ಕಡಿದಾದ ತಿರುವುಗಳನ್ನು ಇಳಿಯುತ್ತದೆ. ಬಂಡೀಪುರ ಅರಣ್ಯದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6 ಗಂಟೆಯವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿರುವುದರಿಂದ ಅವಸರವೂ ಜೊತೆಗೂಡುತ್ತದೆ. ಸಮತಟ್ಟಿನಲ್ಲಿ ಯಾವ ದೋಷವನ್ನೂ ತೋರದ ಬ್ರೇಕ್, ಹೊರೆ ತುಂಬಿದ ವಾಹನ ಘಾಟಿ ಇಳಿಯುವಾಗ ಕೈಕೊಡುವ ಸಾಧ್ಯತೆಯಿದೆ. ಇದಕ್ಕೆ ಒಂದು ಮುಖ್ಯ ಕಾರಣ ಹಳತಾದ ಬ್ರೇಕ್ ಆಯಿಲ್. ಇದನ್ನು ಬದಲಾಯಿಸುವ ಕೆಲಸ ಕಷ್ಟಕರವಲ್ಲ. ಆದರೆ ಕ್ರಮ ತಪ್ಪಿದರೆ ಅಪಾಯಕರ.

ಬ್ರೇಕ್ ಆಯಿಲ್ ಹಳತಾಗುವುದೇಕೆ?

ರೂಢಿಯಲ್ಲಿ ಆಯಿಲ್ ಎಂದು ಕರೆದರೂ ಇದು ಎಂಜಿನ್ ಆಯಿಲ್‌ನಂತಹ ಖನಿಜ ತೈಲವಲ್ಲ; ಗ್ಲೈಕಾಲ್ ಆಧಾರಿತ ದ್ರವ. ಬಾಯಿ ತೆರೆದಿಟ್ಟ ಯೂರಿಯಾ ಚೀಲ ಮಳೆಗಾಲದಲ್ಲಿ ನೀರೊಡೆಯುವಂತೆ ಈ ದ್ರವವೂ ಗಾಳಿಯ ತೇವಾಂಶವನ್ನು ಹೀರಿಕೊಳ್ಳುತ್ತದೆ. ಟ್ಯಾಂಕಿನ ಮುಚ್ಚಳದ ಸೂಕ್ಷ್ಮ ರಂಧ್ರದಿಂದಲೂ ರಬ್ಬರ್ ಹೋಸ್‌ಗಳ ಮೂಲಕವೂ ತೇವಾಂಶ ನಿಧಾನವಾಗಿ ಒಳಸೇರುತ್ತದೆ. ವಾಹನ ಓಡಲಿ, ನಿಂತಿರಲಿ, ಈ ಕ್ರಿಯೆ ನಿಲ್ಲುವುದಿಲ್ಲ.

ನೀರು ಸೇರಿದಂತೆ ದ್ರವದ ಕುದಿಬಿಂದು ಇಳಿಯುತ್ತದೆ. ಮಾನದಂಡದ ಪ್ರಕಾರ ಇರಬೇಕಾದ ಕನಿಷ್ಠ ಕುದಿಬಿಂದುಗಳು ಹೀಗಿವೆ:

• ಡಾಟ್ 3: ಹೊಸದಾಗಿದ್ದಾಗ 205 ಡಿಗ್ರಿ ಸೆಲ್ಸಿಯಸ್; ತೇವಗೊಂಡಾಗ 140 ಡಿಗ್ರಿ.
• ಡಾಟ್ 4: ಹೊಸದಾಗಿದ್ದಾಗ 230 ಡಿಗ್ರಿ ಸೆಲ್ಸಿಯಸ್, ತೇವಗೊಂಡಾಗ 155 ಡಿಗ್ರಿ.

ಇಲ್ಲಿ ತೇವಗೊಂಡದ್ದು ಎಂದರೆ ಸುಮಾರು ಶೇ. 3.7ರಷ್ಟು ನೀರು ಸೇರಿದ ದ್ರವ. ಇಷ್ಟು ಅಲ್ಪ ಪ್ರಮಾಣದ ನೀರಿನಿಂದಲೇ ಕುದಿಬಿಂದು 65ರಿಂದ 75 ಡಿಗ್ರಿಯಷ್ಟು ಕುಸಿಯುತ್ತದೆ ಎಂಬುದನ್ನು ಗಮನಿಸಿ.

ಘಾಟಿಯಲ್ಲಿ ನಡೆಯುವುದೇನು?

ಮಡಿಕೇರಿಯಿಂದ ಸಂಪಾಜೆಗೆ ರಸ್ತೆಯು ಸುಮಾರು ಒಂದು ಸಾವಿರ ಮೀಟರ್ ಎತ್ತರ ಇಳಿಯುತ್ತದೆ. ಒಟ್ಟು 3 ಟನ್ ತೂಕದ ವಾಹನ ಅಷ್ಟು ಎತ್ತರ ಇಳಿದಾಗ ಬಿಡುಗಡೆಯಾಗುವ ಶಕ್ತಿಯಿಂದ ಸುಮಾರು 90 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಬಹುದು. ಎಂಜಿನ್‌ನ ತಡೆ ಇಲ್ಲದಿದ್ದರೆ ಈ ಶಾಖದ ಬಹುಪಾಲು ನಾಲ್ಕು ಚಕ್ರಗಳ ಬ್ರೇಕ್‌ಗಳಲ್ಲಿಯೇ ಸೇರುತ್ತದೆ. ಆಗ ತೇವಗೊಂಡ ದ್ರವವು ಕುದಿದು ಆವಿಯ ಗುಳ್ಳೆಗಳಾಗುತ್ತವೆ. ದ್ರವ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಪೆಡಲ್ ಒತ್ತಿದ ಬಲವು ಗುಳ್ಳೆಗಳನ್ನು ಕುಗ್ಗಿಸುವುದರಲ್ಲಿಯೇ ವ್ಯಯವಾಗಿ ಪೆಡಲ್ ನೆಲ ಮುಟ್ಟುತ್ತದೆ, ವಾಹನ ನಿಲ್ಲುವುದಿಲ್ಲ.

ಇದರಲ್ಲಿ ಇನ್ನೊಂದು ಮೋಸವಿದೆ. ವಾಹನ ತಣ್ಣಗಾದ ಬಳಿಕ ಆವಿ ಮರಳಿ ದ್ರವವಾಗುತ್ತದೆ, ಪೆಡಲ್ ಮೊದಲಿನಂತೆ ಗಟ್ಟಿಯಾಗುತ್ತದೆ. ಮರುದಿನ ಪರೀಕ್ಷಿಸಿದವರಿಗೆ ದೋಷ ಕಾಣುವುದಿಲ್ಲ. ಘಾಟಿಯಲ್ಲಿ ಒಮ್ಮೆಯಾದರೂ ಪೆಡಲ್ ಮೆತ್ತಗಾದ ಅನುಭವವಾಗಿದ್ದರೆ, ಈಗ ಸರಿಯಾಗಿದೆ ಎಂದು ಸುಮ್ಮನಿರಬೇಡಿ.

ಬದಲಾವಣೆಯ ಅವಧಿ ಮತ್ತು ದ್ರವದ ಆಯ್ಕೆ

• ವಾಹನದ ಕೈಪಿಡಿಯಲ್ಲಿ ಸೂಚಿಸಿದ ಅವಧಿಯನ್ನು ಪಾಲಿಸಿ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಾಯಿಸುವುದು ಸೂಕ್ತ. ಕಡಿಮೆ ಓಡಿದ ವಾಹನಕ್ಕೂ ಇದು ಅನ್ವಯಿಸುತ್ತದೆ.
• ಹೊಸ ದ್ರವ ಜೇನಿನ ತಿಳಿ ಬಣ್ಣದ್ದು. ಕಪ್ಪಾಗಿದ್ದರೆ ಕೂಡಲೇ ಬದಲಾಯಿಸಿ. ಆದರೆ ತಿಳಿಯಾಗಿರುವ ಮಾತ್ರಕ್ಕೆ ನೀರು ಸೇರಿಲ್ಲ ಎನ್ನಲಾಗದು.
• ಟ್ಯಾಂಕಿನ ಮುಚ್ಚಳದ ಮೇಲೆ ಅಚ್ಚಾಗಿರುವ ದರ್ಜೆಯ ದ್ರವವನ್ನೇ ಕೊಳ್ಳಿ. ಸಿಲಿಕೋನ್ ಆಧಾರಿತ ಡಾಟ್ 5 ದ್ರವವನ್ನು ಇವುಗಳೊಂದಿಗೆ ಬೆರೆಸಬಾರದು.
• ಎಂಜಿನ್ ಆಯಿಲ್, ಸ್ಟೀರಿಂಗ್ ಆಯಿಲ್, ಡೀಸೆಲ್‌ಗಳ ಒಂದು ಹನಿಯೂ ಸೇರಬಾರದು. ಇವು ಬ್ರೇಕ್‌ನ ರಬ್ಬರ್ ಸೀಲ್‌ಗಳನ್ನು ಉಬ್ಬಿಸಿ ಕೆಡಿಸುತ್ತವೆ.
• ಸೀಲ್ ಒಡೆಯದ ಬಾಟಲಿಯನ್ನೇ ಬಳಸಿ. ಅರ್ಧ ಉಳಿದು ತಿಂಗಳುಗಟ್ಟಲೆ ಶೆಡ್‌ನಲ್ಲಿದ್ದ ದ್ರವವೂ ತೇವಾಂಶ ಹೀರಿರುತ್ತದೆ.

ಅಗತ್ಯ ಸಾಮಗ್ರಿಗಳು

ಒಂದು ಲೀಟರ್ ಹೊಸ ದ್ರವ, ನಿಪ್ಪಲ್‌ಗೆ ಸರಿಹೊಂದುವ ರಿಂಗ್ ಸ್ಪಾನರ್, ನಿಪ್ಪಲ್ ಮೇಲೆ ಬಿಗಿಯಾಗಿ ಕೂರುವ ಪಾರದರ್ಶಕ ಪ್ಲಾಸ್ಟಿಕ್ ಕೊಳವೆ, ಪಾರದರ್ಶಕ ಬಾಟಲಿ, ದೊಡ್ಡ ಸಿರಿಂಜ್, ವೈರ್ ಬ್ರಷ್, ನೂಲು ಬಿಡದ ಬಟ್ಟೆ, ಕೈಗವಸು, ಕನ್ನಡಕ, ಒಂದು ಬಕೆಟ್ ನೀರು, ಪೆಡಲ್ ಒತ್ತಲು ಒಬ್ಬ ಸಹಾಯಕ. ದನಕರುಗಳಿಗೆ ಔಷಧಿ ಕುಡಿಸುವ ಸಿರಿಂಜ್ ಬಳಸುವುದಾದರೆ ಹೊಸದನ್ನು ತನ್ನಿ. ಬಳಿಕ ಅದನ್ನು ಜಾನುವಾರುಗಳಿಗೆ ಉಪಯೋಗಿಸಕೂಡದು.

ಪೂರ್ವಸಿದ್ಧತೆ

1. ಮಳೆಯಿಲ್ಲದ ದಿನ, ಬ್ರೇಕ್ ಪೂರ್ತಿ ತಣ್ಣಗಿರುವಾಗ ಕೆಲಸ ಆರಂಭಿಸಿ.
2. ವಾಹನವನ್ನು ಖಾಲಿ ಮಾಡಿ ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ. ಬಡಾವಣೆಯ ಮನೆಗಳ ಗೇಟಿನ ಮುಂದಿನ ಇಳಿಜಾರು ಇದಕ್ಕೆ ತಕ್ಕ ಸ್ಥಳವಲ್ಲ.
3. ಗೇರ್‌ನಲ್ಲಿ ನಿಲ್ಲಿಸಿ, ಚಕ್ರಗಳ ಹಿಂದೆ ಮುಂದೆ ಎರಡೂ ಬದಿಗೆ ಕಲ್ಲು ಅಥವಾ ಮರದ ತುಂಡು ಕೊಡಿ. ಎಂಜಿನ್ ಆಫ್ ಇರಲಿ.
4. ಪಿಕಪ್‌ಗಳು ನೆಲದಿಂದ ಎತ್ತರವಿರುವುದರಿಂದ ಸಾಮಾನ್ಯವಾಗಿ ಜಾಕ್ ಏರಿಸದೆಯೇ ನಿಪ್ಪಲ್ ಕೈಗೆ ಎಟುಕುತ್ತದೆ. ಹಿಂದಿನ ಬ್ರೇಕ್‌ನ ಒತ್ತಡವನ್ನು ಹೊರೆಗೆ ತಕ್ಕಂತೆ ಹೊಂದಿಸುವ ವಾಲ್ವ್ ಅನೇಕ ಪಿಕಪ್‌ಗಳಲ್ಲಿದೆ. ಹಿಂದಿನ ಆಕ್ಸಲ್ ಎತ್ತಿದರೆ ಆ ವಾಲ್ವ್ ದ್ರವದ ಹರಿವನ್ನು ತಡೆಯಬಹುದು. ಆದ್ದರಿಂದ ಚಕ್ರಗಳು ನೆಲದ ಮೇಲಿರುವುದೇ ಒಳ್ಳೆಯದು. ಎತ್ತಲೇಬೇಕಾದಲ್ಲಿ ಜಾಕ್ ಸ್ಟ್ಯಾಂಡ್ ಇಲ್ಲದೆ ವಾಹನದ ಕೆಳಗೆ ಹೋಗಬಾರದು.
5. ನಾಲ್ಕೂ ನಿಪ್ಪಲ್‌ಗಳನ್ನು ವೈರ್ ಬ್ರಷ್‌ನಿಂದ ಶುಚಿಗೊಳಿಸಿ, ತುಕ್ಕು ಬಿಡಿಸುವ ದ್ರಾವಣ ಹಾಕಿ ಸ್ವಲ್ಪ ಹೊತ್ತು ಬಿಟ್ಟು ಒರೆಸಿ. ಬಳಿಕ ಪ್ರತಿಯೊಂದೂ ಸಡಿಲವಾಗುತ್ತದೆಯೇ ಎಂದು ಮೊದಲೇ ನೋಡಿ, ಮತ್ತೆ ಬಿಗಿಮಾಡಿ. ಒಂದು ಸಡಿಲವಾಗದಿದ್ದರೂ ಕೆಲಸ ಆರಂಭಿಸಬೇಡಿ.

ಬದಲಾಯಿಸುವ ವಿಧಾನ

1. ಟ್ಯಾಂಕಿನ ಮುಚ್ಚಳದ ಸುತ್ತ ಧೂಳು ಒರೆಸಿ ತೆರೆಯಿರಿ. ಸಿರಿಂಜ್‌ನಿಂದ ಹಳೆಯ ದ್ರವವನ್ನು ಹೀರಿ ತೆಗೆಯಿರಿ. ತಳದ ರಂಧ್ರ ಕಾಣುವಷ್ಟು ಖಾಲಿ ಮಾಡಬೇಡಿ. ಹೊಸ ದ್ರವವನ್ನು ಗರಿಷ್ಠ ಗೆರೆಯವರೆಗೆ ತುಂಬಿ, ಮುಚ್ಚಳವನ್ನು ಸಡಿಲವಾಗಿ ಇಡಿ.
2. ಪೆಡಲ್ ಕೆಳಗೆ ಮರದ ತುಂಡೊಂದನ್ನು ಇಡಿ. ಹಳೆಯ ವಾಹನದಲ್ಲಿ ಪೆಡಲ್ ಪೂರ್ತಿ ನೆಲಕ್ಕೆ ಇಳಿದರೆ ಮಾಸ್ಟರ್ ಸಿಲಿಂಡರ್‌ನ ಸೀಲ್ ತುಕ್ಕು ಹಿಡಿದ ಭಾಗದ ಮೇಲೆ ಉಜ್ಜಿ ಹಾಳಾಗಬಹುದು.
3. ಮಾಸ್ಟರ್ ಸಿಲಿಂಡರ್‌ನಿಂದ ಹೆಚ್ಚು ದೂರವಿರುವ ಚಕ್ರದಿಂದ ಆರಂಭಿಸಿ. ನಮ್ಮ ವಾಹನಗಳಲ್ಲಿ ಚಾಲಕನ ಆಸನ ಬಲಕ್ಕಿರುವುದರಿಂದ ಸಾಮಾನ್ಯ ಕ್ರಮ: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಕೈಪಿಡಿಯಲ್ಲಿ ಬೇರೆ ಕ್ರಮವಿದ್ದರೆ ಅದನ್ನೇ ಅನುಸರಿಸಿ.
4. ನಿಪ್ಪಲ್ ಮೇಲೆ ಮೊದಲು ಸ್ಪಾನರ್, ನಂತರ ಕೊಳವೆ ಕೂರಿಸಿ. ಬಾಟಲಿಯಲ್ಲಿ ಸ್ವಲ್ಪ ಹೊಸ ದ್ರವ ಹಾಕಿ, ಕೊಳವೆಯ ತುದಿ ಅದರಲ್ಲಿ ಮುಳುಗಿರುವಂತೆ ಇಡಿ.
5. ಸಹಾಯಕನು ಪೆಡಲನ್ನು ನಿಧಾನವಾಗಿ ಮೂರು ಬಾರಿ ಒತ್ತಿ, ಒತ್ತಿ ಹಿಡಿದು, ‘ಹಿಡಿದಿದ್ದೇನೆ’ ಎಂದು ಹೇಳಲಿ. ಆಗ ನಿಪ್ಪಲನ್ನು ಕಾಲು ಸುತ್ತಿನಿಂದ ಅರ್ಧ ಸುತ್ತು ಸಡಿಲಿಸಿ. ದ್ರವ ಹೊರಬಂದು ಪೆಡಲ್ ಕೆಳಗಿಳಿಯುತ್ತದೆ. ನಿಪ್ಪಲ್ ಬಿಗಿಮಾಡಿದ ಮೇಲಷ್ಟೇ ನೀವು ‘ಬಿಡು’ ಎನ್ನಬೇಕು. ನಿಪ್ಪಲ್ ತೆರೆದಿರುವಾಗ ಪೆಡಲ್ ಬಿಟ್ಟರೆ ಗಾಳಿ ಒಳನುಗ್ಗುತ್ತದೆ. ಇಡೀ ಕೆಲಸದ ಯಶಸ್ಸು ಈ ಎರಡು ಮಾತುಗಳಲ್ಲಿದೆ.
6. ಕೊಳವೆಯಲ್ಲಿ ಗುಳ್ಳೆಯಿಲ್ಲದ ಹೊಸ ದ್ರವ ಕಾಣುವವರೆಗೆ ಪುನರಾವರ್ತಿಸಿ. ಐದಾರು ಬಾರಿಗೊಮ್ಮೆ ಟ್ಯಾಂಕ್ ನೋಡಿ ತುಂಬುತ್ತಿರಿ. ದ್ರವವು ಕನಿಷ್ಠ ಗೆರೆಗಿಂತ ಕೆಳಗಿಳಿದರೆ ಅಲ್ಲಿಂದಲೂ ಗಾಳಿ ಸೇರುತ್ತದೆ.
7. ನಾಲ್ಕೂ ಚಕ್ರಗಳು ಮುಗಿದ ಮೇಲೆ ನಿಪ್ಪಲ್‌ಗಳನ್ನು ಬಿಗಿಮಾಡಿ, ಒರೆಸಿ, ರಬ್ಬರ್ ಟೋಪಿ ಹಾಕಿ. ನಿಪ್ಪಲ್ ಒಳಗೆ ಪೊಳ್ಳಾಗಿರುವುದರಿಂದ ಅತಿಯಾದ ಬಲ ಹಾಕಿದರೆ ಮುರಿಯುತ್ತದೆ. ಟ್ಯಾಂಕನ್ನು ಗರಿಷ್ಠ ಗೆರೆಯವರೆಗೆ ತುಂಬಿ, ಮುಚ್ಚಳ ಭದ್ರಪಡಿಸಿ, ಪೆಡಲ್ ಕೆಳಗಿನ ಮರದ ತುಂಡನ್ನು ಮರೆಯದೆ ತೆಗೆಯಿರಿ.

ಬಣ್ಣದ ಮೇಲೆ ದ್ರವ ಚೆಲ್ಲಿದರೆ ಬಣ್ಣ ಕಿತ್ತುಬರುತ್ತದೆ. ತಕ್ಷಣ ನೀರಿನಿಂದ ತೊಳೆಯಿರಿ. ಕಣ್ಣಿಗೆ ಸಿಡಿದರೆ ಧಾರಾಳ ನೀರಿನಿಂದ ತೊಳೆದು ವೈದ್ಯರನ್ನು ಕಾಣಿ.

ರಸ್ತೆಗೆ ಇಳಿಸುವ ಮುನ್ನ ಪರೀಕ್ಷೆ

• ಎಂಜಿನ್ ಆಫ್ ಇರುವಾಗ ಪೆಡಲನ್ನು ಹಲವು ಬಾರಿ ಒತ್ತಿ, ನಂತರ ಬಲವಾಗಿ ಅರ್ಧ ನಿಮಿಷ ಹಿಡಿಯಿರಿ. ಪೆಡಲ್ ಗಟ್ಟಿಯಾಗಿರಬೇಕು, ಕುಸಿಯಬಾರದು.
• ಪೆಡಲ್ ಒತ್ತಿ ಹಿಡಿದೇ ಎಂಜಿನ್ ಚಾಲೂ ಮಾಡಿ. ಬ್ರೇಕ್ ಬೂಸ್ಟರ್ ಇರುವ ವಾಹನದಲ್ಲಿ ಪೆಡಲ್ ತುಸು ಕೆಳಗಿಳಿದು ನಿಲ್ಲಬೇಕು.
• ನಿಪ್ಪಲ್, ಹೋಸ್, ಪೈಪುಗಳ ಕೂಡುಭಾಗಗಳಲ್ಲಿ ಸೋರಿಕೆ ಇದೆಯೇ ನೋಡಿ.
• ಜನಸಂಚಾರವಿಲ್ಲದ ಸಮತಟ್ಟು ಸ್ಥಳದಲ್ಲಿ ಗಂಟೆಗೆ 10, ನಂತರ 20 ಕಿ.ಮೀ. ವೇಗದಲ್ಲಿ ನಿಲ್ಲಿಸಿ ನೋಡಿ. ವಾಹನ ಒಂದು ಬದಿಗೆ ಎಳೆಯಬಾರದು.
• ಮೊದಲ ಹೊರೆಯನ್ನು ಹತ್ತಿರದ ಮಾರುಕಟ್ಟೆಗೆ ಒಯ್ಯಿರಿ. ಮರಳಿದ ಮೇಲೆ ದ್ರವದ ಮಟ್ಟವನ್ನು ಪುನಃ ನೋಡಿ. ಆ ಬಳಿಕವೇ ಘಾಟಿಯ ಪ್ರಯಾಣ.

ಮೆಕ್ಯಾನಿಕ್ ಬಳಿಗೆ ಹೋಗಬೇಕಾದ ಸಂದರ್ಭಗಳು

ನಿಪ್ಪಲ್ ತುಕ್ಕು ಹಿಡಿದು ತಿರುಗದಿದ್ದರೆ, ದ್ರವದಲ್ಲಿ ರಬ್ಬರ್ ಚೂರುಗಳು ಕಂಡರೆ, ಹೋಸ್ ಬಿರುಕು ಬಿಟ್ಟಿದ್ದರೆ, ಕೆಲಸ ಮುಗಿದ ಮೇಲೂ ಪೆಡಲ್ ಮೆತ್ತಗಿದ್ದರೆ ಮುಂದುವರಿಯಬೇಡಿ. ಪೆಡಲ್ ಮೆತ್ತಗಿರುವ ವಾಹನವನ್ನು ಓಡಿಸಿಕೊಂಡು ಹೋಗದೆ, ಮೆಕ್ಯಾನಿಕ್‌ನನ್ನೇ ಮನೆಗೆ ಕರೆಸಿ. ಎಬಿಎಸ್ ಅಳವಡಿಸಿದ ವಾಹನದ ಘಟಕದೊಳಗೆ ಗಾಳಿ ಸೇರಿದರೆ ಅದನ್ನು ಹೊರಹಾಕಲು ವರ್ಕ್‌ಶಾಪಿನ ಉಪಕರಣ ಬೇಕಾಗಬಹುದು. ಆ ಕೆಲಸವನ್ನು ಅಲ್ಲಿಯೇ ಮಾಡಿಸುವುದು ಲೇಸು. ಇಲ್ಲಿ ತಿಳಿಸಿದ ವಿಧಾನ ಲಾರಿಗಳ ಏರ್ ಬ್ರೇಕ್‌ಗಾಗಲಿ ಟ್ರ್ಯಾಕ್ಟರ್‌ಗಾಗಲಿ ಅನ್ವಯಿಸುವುದಿಲ್ಲ.

ಟ್ಯಾಂಕಿನಲ್ಲಿ ದ್ರವ ಕಡಿಮೆಯಾಗಿದ್ದರೆ ಬರಿದೇ ತುಂಬಿ ಸುಮ್ಮನಾಗಬೇಡಿ. ಸೋರಿಕೆ ಇರಬಹುದು, ಅಥವಾ ಬ್ರೇಕ್ ಪ್ಯಾಡ್ ಸವೆದಿರಬಹುದು.

ಹಳೆಯ ದ್ರವದ ವಿಲೇವಾರಿ

ಹಳೆಯ ದ್ರವ ವಿಷಕಾರಿ. ಚರಂಡಿಗೆ, ಬಾವಿಯ ಬಳಿಗೆ, ಗೊಬ್ಬರದ ಗುಂಡಿಗೆ ಸುರಿಯಬೇಡಿ. ಚರಂಡಿಗೆ ಸೇರಿದ್ದು ಕೊನೆಗೆ ಕೆರೆಗೇ ಸೇರುತ್ತದೆ. ಕುಡಿಯುವ ನೀರಿನ ಬಾಟಲಿಯಲ್ಲಿ ತುಂಬಿಡಬೇಡಿ. ಹೆಸರು ಬರೆದು ಭದ್ರವಾಗಿ ಮುಚ್ಚಿ, ಮಕ್ಕಳು ಮತ್ತು ಜಾನುವಾರುಗಳಿಗೆ ಎಟುಕದಂತೆ ಇಟ್ಟು, ಬಳಸಿದ ಆಯಿಲ್ ಸಂಗ್ರಹಿಸುವ ವರ್ಕ್‌ಶಾಪಿಗೆ ಒಪ್ಪಿಸಿ.

ಘಾಟಿ ಇಳಿಯುವಾಗ

ಹೊಸ ದ್ರವವೂ ತಪ್ಪು ಚಾಲನೆಯನ್ನು ಸರಿಪಡಿಸಲಾರದು. ಇಳಿಜಾರು ಆರಂಭವಾಗುವ ಮೊದಲೇ ಕೆಳಗಿನ ಗೇರ್‌ಗೆ ಬನ್ನಿ. ಡೀಸೆಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಇಳಿಯಬೇಡಿ, ಎಂಜಿನ್ ಆಫ್ ಮಾಡಬೇಡಿ. ಎಂಜಿನ್ ನಿಂತರೆ ಬೂಸ್ಟರ್‌ನ ನೆರವೂ ನಿಲ್ಲುತ್ತದೆ. ಪೆಡಲ್ ಮೆತ್ತಗಾದರೆ ಪದೇ ಪದೇ ಒತ್ತುತ್ತಾ, ಗೇರ್ ಇಳಿಸುತ್ತಾ, ಹ್ಯಾಂಡ್ ಬ್ರೇಕನ್ನು ಮೆಲ್ಲಗೆ ಎಳೆಯುತ್ತಾ ಬೆಟ್ಟದ ಬದಿಗೆ ನಿಲ್ಲಿಸಿ.

ವಿಸ್ತರಣಾ ಕಾರ್ಯಕರ್ತರು ಮುಂಗಾರಿಗೆ ಮುನ್ನ ನಡೆಸುವ ಯಂತ್ರೋಪಕರಣಗಳ ತರಬೇತಿಯಲ್ಲಿ ಅನುಭವಿ ಮೆಕ್ಯಾನಿಕ್‌ರ ನೆರವಿನಿಂದ ಈ ಪ್ರಾತ್ಯಕ್ಷಿಕೆಯನ್ನು ಸೇರಿಸಬಹುದು. ಸ್ಪಾನರ್, ಕೊಳವೆ, ಬಾಟಲಿಗಳ ಒಂದು ಜೊತೆ ಇಡೀ ರೈತ ಗುಂಪಿಗೆ ಸಾಕಾಗುತ್ತದೆ. ದ್ರವ ಬದಲಾಯಿಸಿದ ದಿನಾಂಕವನ್ನು ಚೀಟಿಯಲ್ಲಿ ಬರೆದು ಟ್ಯಾಂಕಿನ ಪಕ್ಕ ಅಂಟಿಸಲು ರೈತರಿಗೆ ತಿಳಿಸಿ.