ಕಡಲೊಳಗಿನ ಅಲೆ, ಜಯನಗರದ ಮಳೆ

ಜಯನಗರ ನಾಲ್ಕನೇ ಬ್ಲಾಕಿನಿಂದ ನೇರ ಪೂರ್ವಕ್ಕೆ ಒಂದು ಗೆರೆ ಎಳೆದರೆ ಅದು ಚೆನ್ನೈನ ದಕ್ಷಿಣದ ಅಂಚಿನಲ್ಲಿ ಕಡಲಿಗಿಳಿಯುತ್ತದೆ. ಇಡೀ ಬಂಗಾಳ ಕೊಲ್ಲಿಯನ್ನು ದಾಟಿ ಅಂಡಮಾನಿನ ಮಾಯಾಬಂದರಿನ ಆಸುಪಾಸಿನಲ್ಲಿ ಮತ್ತೆ ನೆಲ ಮುಟ್ಟುತ್ತದೆ. ಬೆಂಗಳೂರಿಗೆ ಕಡಲಿಲ್ಲ, ನಿಜ. ಆದರೆ ಚಿತ್ತೆ, ಸ್ವಾತಿ ಮಳೆಗಳ ಹೊತ್ತಿಗೆ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂಬ ಸುದ್ದಿ ಬಂದ ಒಂದೆರಡು ದಿನಕ್ಕೆ ಬಿಟಿಎಂ ಲೇಔಟಿನ ತಗ್ಗಿನ ಬೀದಿಗಳಲ್ಲಿ ನೀರು ನಿಲ್ಲುವುದನ್ನು ನಾವೆಲ್ಲ ಕಂಡಿದ್ದೇವೆ. ಆ ಮೋಡಗಳಿಗೆ ಕಸುವು ಸಿಗುವುದು ಕೊಲ್ಲಿಯ ಮೇಲ್ಮೈಯ ಬಿಸಿಯಿಂದ. ಬಿಸಿಲು, ಗಾಳಿಗಳಷ್ಟೇ ಅದನ್ನು ತೀರ್ಮಾನಿಸುವುದಿಲ್ಲ. ನೀರಿನೊಳಗೇ ಓಡಾಡುವ ಅಲೆಗಳು ಎಲ್ಲಿ ಒಡೆಯುತ್ತವೆ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಅಂಥ ಅಲೆಯನ್ನು ಅಡುಗೆಮನೆಯಲ್ಲೇ ನೋಡಬಹುದು. ಉದ್ದನೆಯ ಗಾಜಿನ ಪಾತ್ರೆಯಲ್ಲಿ ಅರ್ಧದವರೆಗೆ ಉಪ್ಪುನೀರು ತುಂಬಿ, ಬೀಟ್‌ರೂಟ್ ರಸ ಬೆರೆಸಿ. ಅದರ ಮೇಲೆ ಚಮಚದ ಬೆನ್ನಿನಿಂದ ಜಾರಿಸುತ್ತ ಸಿಹಿನೀರನ್ನು ನಿಧಾನವಾಗಿ ಬಿಡಿ. ಎರಡೂ ಪದರವಾಗಿ ನಿಲ್ಲುತ್ತವೆ. ಈಗ ಪಾತ್ರೆಯ ಒಂದು ತುದಿಯನ್ನು ತುಸು ಎತ್ತಿ ಇಳಿಸಿ. ಮೇಲ್ಮೈಯ ಅಲುಗಾಟ ಬೇಗ ನಿಲ್ಲುತ್ತದೆ. ಒಳಗಿನ ಕೆಂಪು ಗಡಿ ಮಾತ್ರ ನಿಧಾನವಾಗಿ, ಆದರೆ ಎತ್ತರವಾಗಿ, ತುಂಬ ಹೊತ್ತು ತೂಗಾಡುತ್ತದೆ. ಗಾಳಿಗೂ ನೀರಿಗೂ ತೂಕದಲ್ಲಿ ಅಜಗಜಾಂತರ. ಉಪ್ಪುನೀರಿಗೂ ಸಿಹಿನೀರಿಗೂ ಇರುವ ವ್ಯತ್ಯಾಸ ಅತ್ಯಲ್ಪ. ಹಾಗಾಗಿ ಆ ಗಡಿಯನ್ನು ಎತ್ತಲು ಸ್ವಲ್ಪವೇ ಶಕ್ತಿ ಸಾಕು, ಅದು ಮತ್ತೆ ಕೆಳಗಿಳಿಯುವುದೂ ನಿಧಾನ.

ಕಡಲಿನಲ್ಲಿ ಇದರ ಗಾತ್ರ ಬೆರಗು ಹುಟ್ಟಿಸುತ್ತದೆ. ಅಂಡಮಾನ್-ನಿಕೋಬಾರ್ ದ್ವೀಪಗಳ ನಡುವಿನ ಮುಳುಗಿದ ದಿಣ್ಣೆಗಳ ಮೇಲೆ ದಿನಕ್ಕೆರಡು ಸಲ ಭರತ-ಇಳಿತದ ನೀರು ಹಾಯುವಾಗ ಒಳಗಿನ ಪದರಗಳು ಮೇಲೆ ಕೆಳಗೆ ನೂಕಿಸಿಕೊಂಡು ಒಳ ಅಲೆಗಳಾಗಿ ಹೊರಡುತ್ತವೆ. ತೈಲ ಬಾವಿ ಕೊರೆಯುವ ಹಡಗೊಂದರಿಂದ ಅಂಡಮಾನ್ ಸಮುದ್ರದಲ್ಲಿ ಮಾಡಿದ ಅಳತೆಗಳನ್ನು ಆಸ್‌ಬೋರ್ನ್ ಮತ್ತು ಬರ್ಚ್ 1980ರಲ್ಲಿ ಪ್ರಕಟಿಸಿದರು. ಅಲ್ಲಿನ ಒಳ ಅಲೆಗಳ ಎತ್ತರ 60 ಮೀಟರಿನಷ್ಟಿತ್ತು. ಮೇಲೆ ನಿಂತು ನೋಡಿದರೆ ಕಾಣುವುದು ದಿಗಂತದಿಂದ ದಿಗಂತಕ್ಕೆ ಚಾಚಿದ ಒರಟು ನೀರಿನ ಪಟ್ಟಿ ಮಾತ್ರ. ಈ ಪಟ್ಟಿಗಳು ಉಪಗ್ರಹದ ಚಿತ್ರಗಳಲ್ಲೂ ಒಂದರ ಹಿಂದೊಂದು ಸಾಲುಗಟ್ಟಿ ಕಾಣುತ್ತವೆ.

ಒಳ ಅಲೆ ಮೇಲ್ಮೈಯ ಬಿಸಿಯನ್ನು ಬದಲಿಸುವುದು ಕೆಳಗಿನ ತಂಪು ನೀರನ್ನು ಮೇಲಿನದರೊಡನೆ ಬೆರೆಸಿ. ಆದರೆ ಅಲೆ ಇದ್ದಮಾತ್ರಕ್ಕೆ ನೀರು ಬೆರೆಯುವುದಿಲ್ಲ. ಅದು ಒಡೆಯಬೇಕು. ಎಲ್ಲಿ ಒಡೆಯುತ್ತದೆ ಎಂಬುದರಲ್ಲಿ ಸಾಗರ ಪ್ರವಾಹಗಳ ಪಾತ್ರ ದೊಡ್ಡದು. ಅಲೆ ಸಾಗುವ ದಿಕ್ಕಿನಲ್ಲೇ ಹರಿಯುವ ಪ್ರವಾಹ ಆಳದಿಂದ ಆಳಕ್ಕೆ ವೇಗ ಬದಲಿಸುತ್ತದೆ ಎನ್ನಿ. ಯಾವ ಆಳದಲ್ಲಿ ಅದರ ವೇಗ ಅಲೆಯ ವೇಗಕ್ಕೆ ಸಮನಾಗುತ್ತದೋ ಅಲ್ಲಿಂದಾಚೆಗೆ ಅಲೆಗೆ ದಾರಿಯಿಲ್ಲ. ಅದು ಕುಗ್ಗುತ್ತ, ಕಡಿದಾಗುತ್ತ, ಹೊತ್ತು ತಂದ ಶಕ್ತಿಯನ್ನು ಅಲ್ಲೇ ಇಳಿಸುತ್ತದೆ. ಮೇಲಿನ ನೀರು ಒಂದು ವೇಗದಲ್ಲಿ, ಕೆಳಗಿನದು ಇನ್ನೊಂದು ವೇಗದಲ್ಲಿ ಉಜ್ಜಿಕೊಂಡು ಹರಿದಾಗ ಪದರಗಳ ಗಟ್ಟಿತನಕ್ಕೂ ಉಜ್ಜುವಿಕೆಗೂ ಜಗ್ಗಾಟ ನಡೆಯುತ್ತದೆ. ಅದನ್ನು ಅಳೆಯುವ ಸಂಖ್ಯೆಗೆ ರಿಚರ್ಡ್‌ಸನ್ ಹೆಸರಿದೆ. ಅದು 0.25ಕ್ಕಿಂತ ಕೆಳಗಿಳಿದರೆ ಪದರಗಳು ಸುರುಳಿ ಸುತ್ತಿ ಕಲಸಿಹೋಗಬಲ್ಲವು.

ಸುಳಿಗಳ ಕಥೆ ಇನ್ನೂ ಸೊಗಸು. ಜೋರು ಗಾಳಿ ಬೀಸಿಹೋದ ಮೇಲೂ ಭೂಮಿಯ ತಿರುಗುವಿಕೆಯಿಂದಾಗಿ ಮೇಲಿನ ನೀರು ಗಿರಕಿ ಹೊಡೆಯುತ್ತಲೇ ಇರುತ್ತದೆ. ಜಯನಗರದ ಅಕ್ಷಾಂಶದಲ್ಲಿ ಒಂದು ಗಿರಕಿಗೆ ಸುಮಾರು 54 ಗಂಟೆ. ಇದರಿಂದ ಹುಟ್ಟುವ ಒಳ ಅಲೆಗಳು ಗಡಿಯಾರದ ದಿಕ್ಕಿನಲ್ಲಿ ತಿರುಗುವ ದೊಡ್ಡ ಸುಳಿಯೊಳಗಿದ್ದರೆ, ಸುಳಿಯ ತಿರುಗು ಭೂಮಿಯ ತಿರುಗಿಗೆ ಎದುರಾಗಿ ಅವುಗಳ ಗಿರಕಿ ಇನ್ನಷ್ಟು ನಿಧಾನವಾಗುತ್ತದೆ. ಅಷ್ಟು ನಿಧಾನದ ಅಲೆ ಸುಳಿಯ ಹೊರಗೆ ಬದುಕಲಾರದು. ಸಿಕ್ಕಿಬಿದ್ದು ಆಳಕ್ಕಿಳಿಯುತ್ತದೆ, ಸುಳಿಯ ಬುಡದಲ್ಲಿ ನೀರನ್ನು ಕಲಕುತ್ತದೆ. ಮೇಲೆ ಬೀಸಿದ ಗಾಳಿಯ ಶಕ್ತಿ ನೂರಾರು ಮೀಟರ್ ಕೆಳಗೆ ತಲುಪಲು ಇದೂ ಒಂದು ದಾರಿ.

ಬಂಗಾಳ ಕೊಲ್ಲಿಯಲ್ಲಿ ಈ ಕಲಕುವಿಕೆಗೆ ಬಲವಾದ ಅಡ್ಡಿಯಿದೆ. ಗಂಗೆ, ಬ್ರಹ್ಮಪುತ್ರ, ಐರಾವತಿ, ಗೋದಾವರಿಗಳ ಸಿಹಿನೀರು ಉಪ್ಪುನೀರಿನ ಮೇಲೆ ಹರಡಿಕೊಳ್ಳುತ್ತದೆ. ಬನಶಂಕರಿ ಕಡೆಯ ಮಳೆನೀರಿನ ಒಂದು ಪಾಲು ವೃಷಭಾವತಿ, ಅರ್ಕಾವತಿ, ಕಾವೇರಿಗಳ ಜಾಡು ಹಿಡಿದು ಸಾಗುವುದೂ ಈ ಕೊಲ್ಲಿಯ ಕಡೆಗೇ. ಈ ಹಗುರ ಪದರ ಮುಚ್ಚಿರುವುದರಿಂದ ಕೆಳಗಿನ ತಂಪು ಸುಲಭವಾಗಿ ಮೇಲೇರದು. ಮುಂಗಾರಿನ ಗಾಳಿಗೆ ಅರಬ್ಬೀ ಸಮುದ್ರ ತಣಿದರೂ ಕೊಲ್ಲಿಯ ಮೇಲ್ಮೈ ಬಹುಪಾಲು 28 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೇ ಇರುತ್ತದೆ. ಅಲ್ಲಿ ಒಂದರ ಹಿಂದೊಂದು ವಾಯುಭಾರ ಕುಸಿತಗಳು ಹುಟ್ಟಲು ಇದು ಅನುಕೂಲ.

ಹಾಗಾದರೆ ಇಷ್ಟು ಸಿಹಿನೀರು ಬಂದು ಬೀಳುತ್ತಿದ್ದರೂ ಕೊಲ್ಲಿ ವರ್ಷದಿಂದ ವರ್ಷಕ್ಕೆ ಸಪ್ಪೆಯಾಗುತ್ತ ಹೋಗುವುದಿಲ್ಲವೇಕೆ? ಈ ಪ್ರಶ್ನೆಯನ್ನು ಗಂಭೀರವಾಗಿ ಬೆನ್ನಟ್ಟಿದವರು ನಮ್ಮೂರಿನವರೇ: ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ಎನ್. ವಿನಯಚಂದ್ರನ್ ಮತ್ತು ಸಂಗಡಿಗರು. ಮುಂಗಾರಿನಲ್ಲಿ ಶ್ರೀಲಂಕಾದ ದಕ್ಷಿಣದಿಂದ ಸುತ್ತಿ ಬರುವ ಪ್ರವಾಹ ಅರಬ್ಬೀ ಸಮುದ್ರದ ಉಪ್ಪುನೀರನ್ನು ಕೊಲ್ಲಿಯ ಮೇಲ್ಪದರದ ಅಡಿಗೆ ತುರುಕುತ್ತದೆ. ಆ ಉಪ್ಪು ಅಲ್ಲಿಂದ ಮೇಲಕ್ಕೆ ಪಂಪ್ ಆಗುತ್ತದೆ ಎಂದು ಅವರು 2013ರಲ್ಲಿ ತೋರಿಸಿದರು. 2016ರ ಜೂನ್-ಜುಲೈನಲ್ಲಿ, ನಡು ಮುಂಗಾರಿನಲ್ಲೇ, ಬ್ರಿಟನ್ನಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದವರ ಜೊತೆಗೂಡಿ ಚೆನ್ನೈನಿಂದ ‘ಸಿಂಧು ಸಾಧನಾ’ ಹಡಗಿನಲ್ಲಿ ಹೊರಟರು. ತಾವಾಗಿಯೇ ಮುಳುಗೇಳುವ ಗ್ಲೈಡರ್‌ಗಳನ್ನು ನೀರಿಗೆ ಬಿಟ್ಟು ಉಪ್ಪು, ಶಾಖಗಳನ್ನು ಆಳ ಆಳಕ್ಕೆ ಅಳೆದರು. ಮಳೆಗಾಲದ ಒರಟು ಕಡಲಿನಲ್ಲಿ ಇಂಥ ಅಳತೆ ತೆಗೆಯುವುದು ಎಷ್ಟು ಕಷ್ಟದ ಕೆಲಸ ಎಂಬುದು ನಮ್ಮ ಪತ್ರಿಕೆಗಳಲ್ಲಿ ಹೆಚ್ಚು ಬರಲಿಲ್ಲ, ಬರಬೇಕಿತ್ತು.

ಶ್ರೀಲಂಕಾ ಸುತ್ತಿ ಬರುವ ಈ ಪ್ರವಾಹದ ನಡೆ ಎರಡು ಮುಖದ್ದು. ಭಾರದ ನೀರನ್ನು ಕೆಳಗೆ ತಂದು ಪದರವನ್ನು ಗಟ್ಟಿ ಮಾಡುವುದೂ ಅದೇ, ಪದರಗಳನ್ನು ಉಜ್ಜಿ ಒಡೆಯಲು ನೋಡುವುದೂ ಅದೇ. ಯಾವುದರ ಕೈ ಮೇಲಾಗುತ್ತದೆ ಎಂಬುದು ಜಾಗದಿಂದ ಜಾಗಕ್ಕೆ, ವಾರದಿಂದ ವಾರಕ್ಕೆ ಬೇರೆ.

ಮಳೆಯ ಮುನ್ಸೂಚನೆ ಕೊಡುವ ಕಂಪ್ಯೂಟರ್ ಮಾದರಿಗಳು ಕಡಲನ್ನು ಹಲವು ಕಿಲೋಮೀಟರ್ ಅಗಲದ ಚೌಕಗಳಾಗಿ ಸೀಳುತ್ತವೆ. ಒಳ ಅಲೆ ಒಡೆದು ನೀರು ಬೆರೆಯುವ ಜಾಗ ಕೆಲವೊಮ್ಮೆ ಒಂದು ಮೀಟರ್ ದಪ್ಪವೂ ಇರುವುದಿಲ್ಲ. ಆ ಚೌಕದೊಳಗೆ ಅದು ಕಾಣದ್ದರಿಂದ, ಎಷ್ಟು ಬೆರೆಯುತ್ತದೆ ಎಂಬುದನ್ನು ಒಂದು ಸೂತ್ರವಾಗಿ ಕೊಡಬೇಕು. ಸೂತ್ರದಲ್ಲಿ ಪ್ರವಾಹ, ಸುಳಿಗಳ ಕೈವಾಡವನ್ನು ಬಿಟ್ಟರೆ ಕೊಲ್ಲಿಯ ಬಿಸಿ ತಪ್ಪಾಗುತ್ತದೆ, ಅದರ ಹಿಂದೆಯೇ ಮಳೆಯ ಲೆಕ್ಕವೂ ತಪ್ಪುತ್ತದೆ.